ವಿಲಾಯತಿ ಕೋವಿಯೋ, ನಮ್ಮೂರ ಕೋವಿಯೋ?

ಕಾಸರಗೋಡಿನ ನಮ್ಮ ತೋಟಗಳಲ್ಲಿ ಕಾಡುಹಂದಿಯ ಕಾಟ ಹೇಳತೀರದು. ಮರಗೆಣಸು, ಬಾಳೆ ಒಂದೇ ರಾತ್ರಿಯಲ್ಲಿ ಮಾಯ. 2022ರಲ್ಲಿ ಕೇರಳ ಸರಕಾರವು ಪರವಾನಗಿ ಇರುವವರಿಂದ ಅವನ್ನು ಹೊಡೆಸುವ ಅಧಿಕಾರವನ್ನು ಪಂಚಾಯತುಗಳಿಗೆ ಕೊಟ್ಟಿತು. ವಿಷ, ಸಿಡಿಮದ್ದು, ಕರೆಂಟು ತಂತಿ ಕೂಡದು.

ಪರವಾನಗಿ ಕೈಗೆ ಬಂದದ್ದೇ ತಡ, ನಮ್ಮ ಮನೆಯಲ್ಲಿ ಚರ್ಚೆ ಶುರು. ಅಜ್ಜನಿಗೆ ಹಳೆಯ ಇಂಗ್ಲಿಷ್ ಜೋಡುನಳಿಗೆಯೇ ಆಗಬೇಕು. ಅದರ ನಯ ನಾಜೂಕು ನಾವೂ ಒಪ್ಪುತ್ತೇವೆ. ಆದರೆ 1980ರ ದಶಕದಲ್ಲಿ ಜನಸಾಮಾನ್ಯರಿಗೆ ವಿದೇಶಿ ಕೋವಿಯ ಆಮದು ನಿಂತ ಮೇಲೆ, ಕೈಯಿಂದ ಕೈಗೆ ದಾಟುವ ಹಳೇ ಮಾಲಿಗೇ ಚಿನ್ನದ ಬೆಲೆ. ಅದರಲ್ಲಿ ಬಹುಪಾಲು ಹೆಸರಿಗೆ ತೆರುವ ಹಣ. ಸ್ಪ್ರಿಂಗು ಸವೆದರೆ ಬಿಡಿಭಾಗ ಎಲ್ಲಿಂದ ತರೋಣ?

ಮಕ್ಕಳು ಇಷಾಪುರದ ಸರಕಾರಿ ಕಾರ್ಖಾನೆಯ .315 ರೈಫಲ್ ಎಂದರು. ವಿಲಾಯತಿಯದಕ್ಕಿಂತ ಅಗ್ಗ, ಗಟ್ಟಿ, ನಿಜ. ಆದರೆ ಅದರ ಗುಂಡು ಗುರಿ ತಪ್ಪಿದರೆ ಕಿಲೋಮೀಟರಿನಾಚೆಗೂ ಹೋದೀತು. ನಮ್ಮ ಬೇಲಿ ದಾಟಿದರೆ ನೆರೆಮನೆಯ ಅಂಗಳ!

ಕೊನೆಗೆ ದೇಶೀ 12 ಬೋರಿನ ಒಂಟಿನಳಿಗೆ ತಂದೆವು. ಮೂವತ್ತು ನಾಲ್ವತ್ತು ಹೆಜ್ಜೆಯೊಳಗಿನ ಕೆಲಸಕ್ಕೆ ಅಷ್ಟು ಸಾಕು. ಉಳಿದ ಹಣದಲ್ಲಿ ಒಳ್ಳೆಯ ಟಾರ್ಚು, ಬೀಗ ಹಾಕುವ ಕಬ್ಬಿಣದ ಪೆಟ್ಟಿಗೆ ಬಂದವು. ಅಜ್ಜನ ಮುನಿಸು ಮಾತ್ರ ಇನ್ನೂ ಇಳಿದಿಲ್ಲ.