ತೇವದ ಗಾಳಿಯ ಪರವಾಗಿ

ನುಣುಪಾದ ಎರಡು ಹಿತ್ತಾಳೆ ಗೋಳಗಳನ್ನು ಎದುರುಬದುರು ನಿಲ್ಲಿಸಿ, ವೋಲ್ಟೇಜನ್ನು ಮೆಲ್ಲಗೆ ಏರಿಸುತ್ತ, ನಡುವಿನ ಗಾಳಿ ಯಾವ ಹಂತದಲ್ಲಿ ಸೋಲೊಪ್ಪುತ್ತದೆಂದು ಅಳೆಯುವ ಹವ್ಯಾಸಕ್ಕೆ ಸಾಟಿಯಾದ ಸುಖ ಕಡಿಮೆ. ಚಟ್ಟೆಂದು ನೀಲಿ ಕಿಡಿ ಹಾರಿದಾಗ ಕಣ್ಣಿಗೂ ಕಿವಿಗೂ ಒಟ್ಟಿಗೇ ಉತ್ತರ ಸಿಕ್ಕಿರುತ್ತದೆ. ಆದರೆ ಈ ಹವ್ಯಾಸದವರ ನಡುವೆಯೇ ಬೇರುಬಿಟ್ಟಿರುವ ಒಂದು ಮಾತು ಸಹನೆ ಕೆಡಿಸುತ್ತದೆ: ಮಳೆಗಾಲದ ಗಾಳಿಯಲ್ಲಿ ನೀರಿನಂಶ ಹೆಚ್ಚು, ಆದ್ದರಿಂದ ಅದರಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ ಎಂಬುದು. ಎಷ್ಟೋ ಶಾಲಾ ಪುಸ್ತಕಗಳೂ ಹೀಗೇ ಹೇಳುತ್ತವೆ. ನಿಜ ಇದಕ್ಕೆ ತದ್ವಿರುದ್ಧ. ನೀರು ಆವಿಯಾಗಿಯೇ ಇರುವವರೆಗೆ, ಅದು ಹೆಚ್ಚಿದಷ್ಟೂ ಗಾಳಿಯಲ್ಲಿ ಕಿಡಿ ಹಾರಿಸುವುದು ಕಷ್ಟವಾಗುತ್ತದೆ.

ಒಂದು ಎಲೆಕ್ಟ್ರಾನಿನ ಜೊತೆ ಸ್ವಲ್ಪ ದೂರ ಹೋಗಿ ನೋಡೋಣ. ಒಂದು ಡಿಕ್ಕಿಯಿಂದ ಮುಂದಿನ ಡಿಕ್ಕಿಗೆ ಅದಕ್ಕೆ ಸಿಗುವ ಓಟ ಒಂದು ಮೈಕ್ರೋಮೀಟರಿಗಿಂತಲೂ ಕಡಿಮೆ. ಅಷ್ಟಷ್ಟೇ ಓಟಗಳಲ್ಲಿ ಶಕ್ತಿ ಕೂಡಿಸಿಕೊಂಡು, ಆಮ್ಲಜನಕದ ಅಣುವಿನಿಂದ ಇನ್ನೊಂದು ಎಲೆಕ್ಟ್ರಾನನ್ನು ಕಿತ್ತುಹಾಕಲು ಸುಮಾರು 12 ಎಲೆಕ್ಟ್ರಾನ್ ವೋಲ್ಟ್, ಸಾರಜನಕದಿಂದ ಕೀಳಲು 15.6 ಎಲೆಕ್ಟ್ರಾನ್ ವೋಲ್ಟ್ ಬೇಕು. ಹಾಗೆ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆದರೆ ಕಿಡಿ. ಗಾಳಿ ಬಿಸಿಯಾದರೆ ಅಣುಗಳು ವಿರಳವಾಗಿ ಈ ಓಟ ಉದ್ದವಾಗುತ್ತದೆ. ಒತ್ತಡ ಬದಲಾಗದೆ ಉಷ್ಣತೆ 20 ಡಿಗ್ರಿಯಿಂದ 40ಕ್ಕೆ ಏರಿದರೆ ಅಣುಗಳ ಸಂಖ್ಯೆ ಶೇ. 6ಕ್ಕೂ ಸ್ವಲ್ಪ ಹೆಚ್ಚು ಇಳಿಯುತ್ತದೆ. ಕಿಡಿಯ ವೋಲ್ಟೇಜೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. 1889ರಲ್ಲಿ ಭೌತವಿಜ್ಞಾನಿ ಪಾಶೆನ್ ತೋರಿಸಿಕೊಟ್ಟ ನಿಯಮದ ತಿರುಳು ಈ ಸಾಂದ್ರತೆಯೇ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಸುಮಾರು ಹತ್ತನೇ ಒಂದು ಪಾಲು ಕಡಿಮೆ, ಹಾಗಾಗಿ ಅವೇ ಗೋಳಗಳು ಮಂಗಳೂರಿಗಿಂತ ಅಲ್ಲಿ ಬೇಗ ಸೋಲುತ್ತವೆ. ಇನ್ನು ನೀರಾವಿಯ ಪಾತ್ರ. ಕರಾವಳಿಯ ಸೆಕೆಯಲ್ಲೂ ಗಾಳಿಯ ನೂರು ಅಣುಗಳಲ್ಲಿ ನೀರಿನವು ಸುಮಾರು ಮೂರು. ಅಷ್ಟರಿಂದ ಏನಾದೀತು ಎನ್ನುವವರಿಗೆ ಉತ್ತರ ಆ ಅಣುವಿನ ಸ್ವಭಾವದಲ್ಲಿದೆ. ನೀರಿನ ಅಣುವಿನ ಒಂದು ಬದಿ ಧನ, ಇನ್ನೊಂದು ಋಣ. ಪಕ್ಕದಲ್ಲಿ ಸುಳಿಯುವ ನಿಧಾನದ ಎಲೆಕ್ಟ್ರಾನಿನಿಂದ ಶಕ್ತಿ ಕಸಿದುಕೊಂಡು ತಾನು ಗಿರಗಿರ ತಿರುಗುತ್ತದೆ. ಶಕ್ತಿ ಕಳೆದುಕೊಂಡ ಎಲೆಕ್ಟ್ರಾನು ಆಮ್ಲಜನಕಕ್ಕೆ ಅಂಟಿಕೊಳ್ಳುತ್ತದೆ, ಅದರ ಸುತ್ತ ನೀರಿನ ಅಣುಗಳು ಕವಿದುಕೊಂಡು ಬಿಡುಗಡೆಯನ್ನೇ ಕಷ್ಟಮಾಡುತ್ತವೆ. ಭಾರವಾದ ಆ ಅಯಾನಿಗೆ ಓಡುವ ಶಕ್ತಿಯೂ ಇಲ್ಲ, ಕಿತ್ತುಹಾಕುವ ಶಕ್ತಿಯೂ ಇಲ್ಲ.

ಅಳತೆಗಳು ಹೇಳುವುದೂ ಇದನ್ನೇ. ಗೋಳಗಳ ನಡುವೆ, ಘನ ಮೀಟರಿಗೆ ಒಂದು ಗ್ರಾಂ ನೀರಾವಿ ಹೆಚ್ಚಾದರೆ ಕಿಡಿಯ ವೋಲ್ಟೇಜು ಶೇ. 0.2ರಷ್ಟು ಏರುತ್ತದೆ. ಮೊನಚು ಸರಳಿನಿಂದ ತಟ್ಟೆಗೆ ಹಾರುವ ಉದ್ದನೆಯ ಕಿಡಿಯಲ್ಲಿ ಏರಿಕೆ ಸುಮಾರು ಶೇ. 1. ಐದು ಪಟ್ಟು ವ್ಯತ್ಯಾಸಕ್ಕೆ ಕಾರಣವಿದೆ: ಸರಳಿನ ತುದಿಯಿಂದ ಹೊರಟ ನೇರಳೆ ಎಳೆಗಳು ಸೆಂಟಿಮೀಟರಿಗೆ ಸುಮಾರು 5 ಕಿಲೋವೋಲ್ಟಿನಷ್ಟು ದುರ್ಬಲ ಕ್ಷೇತ್ರದಲ್ಲಿ ಸಾಗಬೇಕು. ಎಲೆಕ್ಟ್ರಾನುಗಳು ಸೆರೆಸಿಕ್ಕುವುದು ಅಲ್ಲಿಯೇ ಹೆಚ್ಚು. ಹಾಗಾದರೆ ಮಳೆಗಾಲದಲ್ಲಿ, ಗಾಜಿನ ತಟ್ಟೆಗಳನ್ನು ತಿರುಗಿಸಿ ವಿದ್ಯುದಾವೇಶ ಹುಟ್ಟಿಸುವ ವಿಮ್‌ಶರ್ಸ್ಟ್ ಯಂತ್ರ ಏಕೆ ಮುಷ್ಕರ ಹೂಡುತ್ತದೆ? ಅದರ ಗಾಜಿನ ಮೇಲೆ ಕಣ್ಣಿಗೆ ಕಾಣದ ನೀರಿನ ಪೊರೆ ಕೂತು ಆವೇಶ ಮೈಮೇಲಿಂದಲೇ ಜಾರಿಹೋಗುವುದರಿಂದ. ಯಂತ್ರದ ಪಕ್ಕ ದೀಪ ಹಚ್ಚಿಟ್ಟರೆ ಒಣಗಿ ಕೆಲಸ ಕೊಡುವುದು ಗಾಜು, ಗಾಳಿಯಲ್ಲ. ಮಳೆಯಲ್ಲಿ ಹೈಟೆನ್ಷನ್ ತಂತಿ ಗುಂಯ್‌ಗುಡುವುದು ತಂತಿಗೆ ಅಂಟಿದ ಹನಿಗಳು ಮೊನಚಾಗಿ ಕ್ಷೇತ್ರವನ್ನು ಕೂಡಿಹಾಕುವುದರಿಂದ. ಮಂಜಿನ ಬೆಳಗ್ಗೆ ಪಿಂಗಾಣಿ ಇನ್ಸುಲೇಟರಿನ ಮೇಲೆ ಕಿಡಿ ಹರಿಯುವುದು ನೆನೆದ ಕೊಳೆಯಿಂದ. ಮೂರರಲ್ಲೂ ತಪ್ಪು ದ್ರವದ್ದು, ದೂರು ಮಾತ್ರ ಆವಿಯ ಮೇಲೆ.

ಇನ್ನೂ ಹೆಚ್ಚು ಸಿಟ್ಟು ತರಿಸುವುದು ಶೇಕಡಾವಾರಿನ ಗೀಳು. ಕಿಡಿಯ ಉದ್ದವನ್ನು ಮಿಲಿಮೀಟರಿನವರೆಗೆ ಬರೆದಿಟ್ಟು, ಪಕ್ಕದಲ್ಲಿ ‘ಆರ್ದ್ರತೆ ಶೇ. 80’ ಎಂದಷ್ಟೇ ಗೀಚುವವರು ಆ ಅಳತೆಯನ್ನೇ ಹಾಳುಮಾಡುತ್ತಾರೆ. ಎಲೆಕ್ಟ್ರಾನು ಎದುರಿಸುವುದು ಅಣುಗಳನ್ನು, ಶೇಕಡಾವಾರನ್ನಲ್ಲ. 20 ಡಿಗ್ರಿಯಲ್ಲಿ ಶೇ. 80 ಎಂದರೆ ಘನ ಮೀಟರಿಗೆ ಸುಮಾರು 14 ಗ್ರಾಂ. 35 ಡಿಗ್ರಿಯಲ್ಲಿ ಶೇ. 50 ಎಂದರೆ ಸುಮಾರು 20 ಗ್ರಾಂ. ‘ಒಣ’ ಎಂದು ಬರೆದುಕೊಂಡ ದಿನವೇ ನೀರಾವಿ ಹೆಚ್ಚಿತ್ತು! ಎರಡೂ ಒಂದೇ, ಪಟ್ಟಿ ನೋಡಿ ಪರಿವರ್ತಿಸಿಕೊಂಡರಾಯಿತು ಎಂಬ ವಾದವೂ ನಿಲ್ಲದು, ಏಕೆಂದರೆ ಉಷ್ಣತೆ ಬರೆಯದ ಶೇಕಡಾವನ್ನು ಯಾವ ಪಟ್ಟಿಯೂ ಗ್ರಾಂಗೆ ತಿರುಗಿಸಲಾರದು. ಶೇಕಡಾವಾರಿಗೂ ಬೆಲೆಯುಂಟು, ಆದರೆ ಅದು ಮೇಲ್ಮೈಯ ವಿಷಯ: ಶೇ. 80 ದಾಟಿದರೆ ಕಿಡಿಯ ವೋಲ್ಟೇಜು, ಅದರಲ್ಲೂ ಇನ್ಸುಲೇಟರಿನ ಮೈಮೇಲೆ ಹರಿಯುವ ಕಿಡಿಯದು, ಏರುಪೇರಾಗುತ್ತದೆಂದು ಹೈವೋಲ್ಟೇಜ್ ಪರೀಕ್ಷೆಯ ಅಂತರರಾಷ್ಟ್ರೀಯ ಮಾನದಂಡವೇ ಎಚ್ಚರಿಸುತ್ತದೆ. ಅದೇ ಮಾನದಂಡ ಗಾಳಿಯ ಸ್ಥಿತಿಯನ್ನು ಗೊತ್ತುಪಡಿಸುವಾಗ ಬಳಸುವುದು 20 ಡಿಗ್ರಿ, 101.3 ಕಿಲೋಪಾಸ್ಕಲ್ ಮತ್ತು ಘನ ಮೀಟರಿಗೆ 11 ಗ್ರಾಂ ಎಂಬ ಮೂರು ಅಂಕಿಗಳನ್ನು. ಕಿಡಿ ಅಳೆಯುವವರೆಲ್ಲ ದಯವಿಟ್ಟು ತಮ್ಮ ಪುಸ್ತಕದಲ್ಲೂ ಉಷ್ಣತೆ, ಒತ್ತಡ, ನೀರಾವಿಯ ಗ್ರಾಂ ಈ ಮೂರಕ್ಕೂ ಒಂದೊಂದು ಕಂಬಸಾಲು ಹಾಕಿಕೊಳ್ಳಿ.