ಕಿವಿಯಿಂದ ಡಾಪ್ಲರ್‌ಗೆ: ನಾಯಿಗಳ ಮಹಾಧಮನಿ ರೋಗದ ಪತ್ತೆ ಬದಲಾದ ಬಗೆ

ಸಬ್‌ಅಯೋರ್ಟಿಕ್ ಸ್ಟೆನೋಸಿಸ್ ವಂಶಪಾರಂಪರ್ಯವಾಗಿ ಬರುವ ಹೃದ್ರೋಗ. ಹೃದಯದ ಎಡ ಕೆಳಕೋಣೆಯಿಂದ ರಕ್ತ ಮಹಾಧಮನಿಗೆ ನುಗ್ಗುವ ದಾರಿಯಲ್ಲಿ, ಕವಾಟದ ತುಸು ಕೆಳಗೆ, ನಾರಿನಂಥ ಅಂಗಾಂಶ ದಿಬ್ಬವಾಗಿಯೋ ಪೂರ್ತಿ ಉಂಗುರವಾಗಿಯೋ ಬೆಳೆದು ದಾರಿ ಕಿರಿದಾಗುತ್ತದೆ. ನ್ಯೂಫೌಂಡ್‌ಲ್ಯಾಂಡ್, ಗೋಲ್ಡನ್ ರಿಟ್ರೀವರ್, ರಾಟ್‌ವೈಲರ್, ಬಾಕ್ಸರ್ ತಳಿಗಳಲ್ಲಿ ಇದು ಹೆಚ್ಚು.

ಇದು ವಂಶದಲ್ಲಿ ಹರಿಯುತ್ತದೆಂಬುದನ್ನು ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಪ್ಯಾಟರ್ಸನ್ ಮತ್ತು ಸಂಗಡಿಗರು ನ್ಯೂಫೌಂಡ್‌ಲ್ಯಾಂಡ್ ನಾಯಿಗಳಲ್ಲಿ ತೋರಿಸಿ, 1976ರಲ್ಲಿ ಪ್ರಕಟಿಸಿದರು. ದಿಬ್ಬ ಮೂಡುವುದು ಮರಿ ಹುಟ್ಟಿದ ಮೇಲೆ, ಮೊದಲ ವಾರಗಳಲ್ಲಿ. ಆದ್ದರಿಂದಲೇ ಎಳೆಮರಿಯ ಎದೆ ಶುದ್ಧವಾಗಿ ಕೇಳಿಸಿತೆಂದು ಕೊಂಡೊಯ್ದವರಿಗೆ ತಿಂಗಳುಗಳ ನಂತರ ಎದೆಯಲ್ಲಿ ಮರ್ಮರ, ಅಂದರೆ ರಕ್ತದ ಹರಿವಿನ ಅಸಹಜ ಸದ್ದು, ಇದೆಯೆಂದು ತಿಳಿಯುತ್ತಿತ್ತು.

ಆಗ ವೈದ್ಯರ ಕೈಯಲ್ಲಿದ್ದದ್ದು ಸ್ಟೆತಸ್ಕೋಪ್ ಮತ್ತು ತರಬೇತಾದ ಕಿವಿ. ಖಚಿತಪಡಿಸಿಕೊಳ್ಳಲು ಅರಿವಳಿಕೆ ಕೊಟ್ಟು, ರಕ್ತನಾಳದೊಳಗೆ ಕೆಥೆಟರ್ ತೂರಿಸಿ ಒತ್ತಡ ಅಳೆಯಬೇಕಿತ್ತು. ಶಬ್ದತರಂಗಗಳಿಂದ ರಕ್ತದ ವೇಗ ಅಳೆಯುವ ಡಾಪ್ಲರ್ ಬಂದು ಈ ಕಷ್ಟವನ್ನು ಕಳೆಯಿತು. ಮಬ್ಬು ಬೆಳಕಿನ ಕೋಣೆಯಲ್ಲಿ ನಾಯಿಯನ್ನು ರಂಧ್ರವಿರುವ ಮೇಜಿನ ಮೇಲೆ ಮಗ್ಗುಲಾಗಿ ಮಲಗಿಸುತ್ತಾರೆ; ಜೆಲ್ ಹಚ್ಚಿದ ಪ್ರೋಬ್ ಆ ರಂಧ್ರದಿಂದ, ಕೆಳಗಿನಿಂದ ಎದೆಗೆ ತಾಗುತ್ತದೆ. ಶಬ್ದತರಂಗ ರಕ್ತದ ಹರಿವಿಗೆ ಸಮಾಂತರವಾಗಿರಬೇಕು. ಕೋನ ತಪ್ಪಿದರೆ ವೇಗ ಕಡಿಮೆ ಕಾಣುತ್ತದೆ, ರೋಗ ಹಗುರವೆನಿಸುತ್ತದೆ. ಅದಕ್ಕೇ ಪಕ್ಕೆಲುಬಿನ ಅಂಚಿನ ಕೆಳಗಿನಿಂದಲೂ ನೋಡಬೇಕು. ಸೆಕೆಂಡಿಗೆ 4 ಮೀಟರ್ ವೇಗವಿದ್ದರೆ ಅದರ ವರ್ಗವನ್ನು ನಾಲ್ಕರಿಂದ ಗುಣಿಸಿದಾಗ 64 ಮಿಲಿಮೀಟರ್ ಪಾದರಸದ ಒತ್ತಡ ವ್ಯತ್ಯಾಸ ಸಿಗುತ್ತದೆ. ಈ ವ್ಯತ್ಯಾಸ 50ಕ್ಕಿಂತ ಕಡಿಮೆಯಿದ್ದರೆ ರೋಗ ಸೌಮ್ಯ, 80 ದಾಟಿದರೆ ತೀವ್ರ. ಬಾಕ್ಸರ್‌ಗಳಲ್ಲಿ ಮಾತ್ರ ಸಹಜ ವೇಗವೇ ಹೆಚ್ಚಿರುವುದರಿಂದ ಗಡಿರೇಖೆಯ ಅಂಕಿಗಳ ಬಗ್ಗೆ ವಾದ ಇನ್ನೂ ಮುಗಿದಿಲ್ಲ.

ಪತ್ತೆ ಹೀಗೆ ಮುನ್ನಡೆದರೂ ಚಿಕಿತ್ಸೆ ಅದರ ಜೊತೆ ಹೆಜ್ಜೆ ಹಾಕಲಿಲ್ಲ. 1990ರ ದಶಕದಲ್ಲಿ ಕೊಲೊರಾಡೋದಲ್ಲಿ ಪಶುವೈದ್ಯರು ಹೃದಯ ತೆರೆದು ಉಂಗುರ ಕತ್ತರಿಸಿದರು. ಒತ್ತಡ ಇಳಿಯಿತು, ಹಠಾತ್ ಸಾವು ನಿಲ್ಲಲಿಲ್ಲ. ಕಿರಿದಾದ ದಾರಿಯನ್ನು ಹಿಗ್ಗಿಸುವ ಬಲೂನ್ ಚಿಕಿತ್ಸೆ ಮತ್ತು ಹೃದಯ ಬಡಿತ ತಗ್ಗಿಸುವ ಅಟೆನೊಲಾಲ್ ಮಾತ್ರೆಗಳನ್ನು ಹೋಲಿಸಿದ 2005ರ ಅಧ್ಯಯನದಲ್ಲಿ ಆಯುಷ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ತೀವ್ರ ರೋಗದ ನಾಯಿಗೆ ಈಗಲೂ ಸಾಮಾನ್ಯವಾಗಿ ಅಟೆನೊಲಾಲ್ ಕೊಟ್ಟು, ಬಿರುಸಿನ ಓಟ ತಪ್ಪಿಸುತ್ತಾರೆ. ಕವಾಟಕ್ಕೆ ಸೋಂಕು ತಗಲುವ ಅಪಾಯವಿರುವುದರಿಂದ ಹಲ್ಲಿನ ಚಿಕಿತ್ಸೆಯಂಥ ಸಂದರ್ಭಗಳಲ್ಲಿ ಆಂಟಿಬಯೋಟಿಕ್ ಕೊಡುವುದೂ ಉಂಟು.

2014ರಲ್ಲಿ ನ್ಯೂಫೌಂಡ್‌ಲ್ಯಾಂಡ್‌ಗಳಲ್ಲಿ ಪಿಕಾಲ್ಮ್ ಎಂಬ ಜೀನಿನ ಒಂದು ಬದಲಾವಣೆಗೂ ಈ ರೋಗಕ್ಕೂ ನಂಟು ಕಂಡುಬಂತು. ಆದರೆ ಆ ಬದಲಾವಣೆ ಹೊತ್ತ ಎಲ್ಲ ನಾಯಿಗಳಿಗೂ ರೋಗ ಬರುವುದಿಲ್ಲ. ಹಾಗಾಗಿ ತಳಿಗಾರರ ಜವಾಬ್ದಾರಿ ತಗ್ಗಿಲ್ಲ. ಸೌಮ್ಯ ರೋಗದ ನಾಯಿ ಓಡಾಡಿಕೊಂಡು ಪೂರ್ಣಾಯುಷ್ಯ ಬಾಳಬಹುದು. ಅದರ ಮರಿಗೆ ತೀವ್ರ ರೂಪವೇ ಬರಬಹುದು. ವರ್ಷ ತುಂಬಿದ ಮೇಲೆ ಹೃದ್ರೋಗ ತಜ್ಞರಿಂದ ಎಕೋ (ಡಾಪ್ಲರ್ ಸಹಿತ ಹೃದಯದ ಅಲ್ಟ್ರಾಸೌಂಡ್) ಮಾಡಿಸದೆ ಯಾವ ನಾಯಿಯನ್ನೂ ಸಂತಾನಕ್ಕೆ ಬಿಡಬಾರದು. ಸೌಮ್ಯವಾದರೂ ರೋಗವಿರುವುದನ್ನಂತೂ ಬಿಡಲೇಬಾರದು.