ಸೇಬು ಮತ್ತು ಸೀಬೆ

ನಮ್ಮ ಕಡೆ ರೋಗಿಯನ್ನು ನೋಡಲು ಹೊರಟವರು ಬರಿಗೈಯಲ್ಲಿ ಹೋಗುವುದಿಲ್ಲ. ಸೇಬನ್ನು ಕೊಂಡೇ ಹೋಗುತ್ತಾರೆ. ಸೀಬೆಹಣ್ಣನ್ನು ಕೊಂಡೊಯ್ದವರನ್ನು ನಾನಂತೂ ಕಂಡಿಲ್ಲ. ಹೆಸರುಗಳಲ್ಲಿರುವ ಭೇದ ಸ್ವರಗಳದ್ದಷ್ಟೆ; ಮರ್ಯಾದೆಯಲ್ಲಿ ಮಾತ್ರ ಅಜಗಜಾಂತರ! (ಸೀಬೆಯನ್ನು ಪೇರಲವೆನ್ನುವ ಉತ್ತರದ ಮಿತ್ರರಿಗೆ ಈ ಚಮತ್ಕಾರ ದಕ್ಕದು, ಕ್ಷಮಿಸಬೇಕು.)

ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವನಿಗೆ ಹಣ್ಣಿನ ರಸಾಯನವೇಕೆಂದು ಗುರುಗಳು ಕೇಳಬಹುದು. ಕಾರಣವುಂಟು. ಕಳೆದ ವರ್ಷ ನಮ್ಮ ತಂದೆ ವಿಷಮಜ್ವರದಿಂದ ಆಸ್ಪತ್ರೆ ಸೇರಿದಾಗ, ಸಂತೆಯಲ್ಲಿ ಸೀಬೆ ಮಾರುವ ನಮ್ಮ ಅವ್ವ ಅರ್ಧ ಬುಟ್ಟಿ ಹಣ್ಣು ಮಾರಿದ ದುಡ್ಡಿನಲ್ಲಿ ನಾಲ್ಕು ಸೇಬು ತಂದಳು. ಆ ಲೆಕ್ಕ ನನ್ನ ಮನಸ್ಸನ್ನು ಕೊರೆಯುತ್ತಿತ್ತು. ಗ್ರಂಥಾಲಯದಲ್ಲಿ ಆಹಾರದ ಕೋಷ್ಟಕಗಳನ್ನು ತೆರೆದು ಕುಳಿತೆ.

ಆಮ್ಲಜನಕವಿಲ್ಲದೆ ಬದುಕಿಲ್ಲ; ಕಬ್ಬಿಣಕ್ಕೆ ತುಕ್ಕು ಹಿಡಿಸುವುದೂ ಅದೇ. ನಮ್ಮ ಜೀವಕಣಗಳಲ್ಲಿಯೂ ಅದರ ಕೆಲಸದಿಂದ ಕೆಲವು ಉಗ್ರ ಅಣುಗಳು ಹುಟ್ಟಿ ಸಿಕ್ಕಿದ್ದನ್ನು ಕೆಡಿಸುತ್ತವೆ. ಅವನ್ನು ತಣಿಸುವ ದ್ರವ್ಯಗಳೇ ಆಂಟಿಆಕ್ಸಿಡೆಂಟುಗಳು. ಹೆಚ್ಚಿಟ್ಟ ಸೇಬು ಕಂದುಬಣ್ಣಕ್ಕೆ ತಿರುಗುವುದನ್ನು ಎಲ್ಲರೂ ನೋಡಿದ್ದೇವೆ. ನಿಂಬೆರಸ ಹಿಂಡಿದರೆ ಅಷ್ಟು ಬೇಗ ತಿರುಗದು. ನಿಂಬೆಯ ಹುಳಿಯೂ ಸಿ ಜೀವಸತ್ವವೂ ಕೂಡಿ ಮಾಡುವ ಕೆಲಸವದು. ಈ ಸಿ ಜೀವಸತ್ವ 100 ಗ್ರಾಂ ಸೇಬಿನಲ್ಲಿ ಸುಮಾರು 5 ಮಿಲಿಗ್ರಾಂ, ಕಿತ್ತಳೆಯಲ್ಲಿ 50ರ ಆಸುಪಾಸು, ಸೀಬೆಯಲ್ಲಿ 200ಕ್ಕೂ ಮಿಕ್ಕಿ! ಬೆಟ್ಟದ ನೆಲ್ಲಿಯೂ ಹಿಂದೆ ಬಿದ್ದಿಲ್ಲ. ನಾಲಗೆಗೆ ಬಣ್ಣ ಬಳಿಯುವ ನೇರಳೆಯ ಕಪ್ಪೇ ಆಂಥೋಸಯನಿನ್ ಎಂಬ ಇನ್ನೊಂದು ಬಗೆಯ ಆಂಟಿಆಕ್ಸಿಡೆಂಟು. ಹಾಗೆಂದು ಸೇಬನ್ನು ಹಳಿಯುವುದು ನ್ಯಾಯವಲ್ಲ. ಅದರ ಸಿಪ್ಪೆಯಲ್ಲಿ ಕ್ವರ್ಸೆಟಿನ್ ಮೊದಲಾದವು ಇವೆ. ನಮ್ಮವರು ಸಿಪ್ಪೆ ಹೆರೆದೇ ರೋಗಿಗೆ ಕೊಡುತ್ತಾರೆಂಬುದು ಬೇರೆ ಮಾತು.

ಸಾರವನ್ನೇ ಗುಳಿಗೆ ಮಾಡಿ ನುಂಗಬಾರದೆ ಎಂದರೆ, ಅದೂ ಆಗಿಹೋಗಿದೆ. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರ ಮೇಲೆ ನಡೆದ ಪರೀಕ್ಷೆಯ ಫಲ 1994ರಲ್ಲಿ ಹೊರಬಂದಿತು. ಬೀಟಾ ಕೆರೋಟಿನ್ ಗುಳಿಗೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರು ತಗ್ಗುವ ಬದಲು ಶೇಕಡಾ 18ರಷ್ಟು ಹೆಚ್ಚಿತ್ತು! ಹಣ್ಣು ತಿನ್ನುವವರಿಗೆ ದೊರೆಯುವ ಆರೋಗ್ಯ ಯಾವುದೋ ಒಂದೇ ದ್ರವ್ಯದ ಪುಣ್ಯವಲ್ಲವೆಂದು ಕಾಣುತ್ತದೆ.

ನನಗೆ ಬೇಕಾಗಿದ್ದ ಸಂಗತಿ ಕೊನೆಯಲ್ಲಿ ಸಿಕ್ಕಿತು. ರಾಗಿ ಸೊಪ್ಪುಗಳಲ್ಲಿರುವ ಕಬ್ಬಿಣಾಂಶವನ್ನು ದೇಹ ಸುಲಭವಾಗಿ ಹೀರಿಕೊಳ್ಳದು. ಊಟದೊಡನೆ ಸಿ ಜೀವಸತ್ವವಿದ್ದರೆ ಹೆಚ್ಚು ಹೀರಿಕೊಳ್ಳುತ್ತದೆ. ಅವ್ವನಿಗೆ ರಕ್ತ ಸಾಲದೆಂದು ವೈದ್ಯರು ಮಾತ್ರೆ ಬರೆದುಕೊಟ್ಟಿದ್ದಾರೆ. ಮಾತ್ರೆಯ ಜೊತೆಗೆ, ಮುದ್ದೆ ಉಂಡೊಡನೆ ಒಂದು ಸೀಬೆಯನ್ನೂ ತಿನ್ನೆಂದೆ.

"ಮಾರೋ ಹಣ್ಣ ನಾನೇ ತಿಂದ್ರೆ ನಿನ್ನ ಫೀಜಿಗೆ ಏನ ಕಟ್ಟಾನಪ್ಪ?" ಎಂದಳು.

ಬಹಳ ಚರ್ಚೆಯ ಮೇಲೆ ಒಪ್ಪಂದವಾಗಿದೆ: ಸಂತೆಯಲ್ಲಿ ಬಿಕರಿಯಾಗದ ಸೊಟ್ಟ ಹಣ್ಣುಗಳು ಅವ್ವನ ಪಾಲಿಗೆ.